ಮೊಟ್ಟೆಯ ಪಕ್ಕದ ಗೆರೆ

ಮಗಳಿಗೆ ಎಂಟು ವರ್ಷವಾಗಿದ್ದಾಗ ಅವಳನ್ನು ದಿನಾ ಬೆಳಿಗ್ಗೆ ನಡೆಯಲು ಕರೆದುಕೊಂಡು ಹೋಗುತ್ತಿದ್ದೆ. ಸರಸ್ವತಿ ನಗರದ ನಮ್ಮ ಬಾಡಿಗೆ ಮನೆಯಿಂದ ಹೊರಟು, ಹಿಂದಿನ ಖಾಲಿ ಸೈಟುಗಳನ್ನು ದಾಟಿ, ನಾಲೆಯ ಏರಿಯವರೆಗೆ ಹೋಗಿ ಬರುವುದು. ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯ ಬಗ್ಗೆ ಆಗಿನ ಡೈರಿಯಲ್ಲಿ ಬಹಳ ಹೆಮ್ಮೆಯಿಂದ ಬರೆದುಕೊಂಡಿದ್ದೇನೆ. ಈಗ ಓದಿದರೆ, ಯಾರೋ ತಪಾಸಣೆಗೆ ಬರುತ್ತಾರೆಂದು ಬರೆದಿಟ್ಟ ಹಾಗಿದೆ.

ನಾನು ಓದಿದ್ದು ಪ್ರಾಣಿಶಾಸ್ತ್ರ. ಆಗ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ನಮ್ಮಲ್ಲಿ ರೆಕಾರ್ಡ್ ಬುಕ್ ಎಂದು ಒಂದಿರುತ್ತದೆ. ಪ್ರಯೋಗಾಲಯದಲ್ಲಿ ನೋಡಿದ್ದನ್ನು ಚೂಪಾದ ಪೆನ್ಸಿಲಿನಲ್ಲಿ ಬಿಡಿಸಿ, ಬಲಗಡೆ ಭಾಗಗಳ ಹೆಸರು ಬರೆದು, ಮೇಷ್ಟ್ರ ಸಹಿ ಹಾಕಿಸಿಕೊಳ್ಳುವ ಪುಸ್ತಕ. ಒಂದು ಜೀವಿಗೆ ಒಂದೇ ಪುಟ. ಅದರ ಸುತ್ತ ಇರುವುದನ್ನು ಬಿಡಿಸುವಂತಿಲ್ಲ. ಕಪ್ಪೆ ಎಂದರೆ ಕಪ್ಪೆ ಮಾತ್ರ, ಅದನ್ನಿಟ್ಟ ಟ್ರೇ ಅಲ್ಲ. ಮಗಳಿಗೂ ಅಂಥದ್ದೇ ಒಂದು ಪುಸ್ತಕ ತಂದುಕೊಟ್ಟಿದ್ದೆ. ಒಂದು ಪುಟ ಗೆರೆಯಿಲ್ಲದ್ದು, ಎದುರು ಪುಟ ಗೆರೆಯದ್ದು. ದಿನಕ್ಕೊಂದು ಹೊಸ ಜೀವಿ ಎಂಬುದು ನಿಯಮ. ಸ್ಕೂಲಿಗೆ ಹೊರಡುವ ಮೊದಲು ಅವಳು ಬಿಡಿಸಬೇಕು, ನಾನು ಕೆಂಪು ಶಾಯಿಯಲ್ಲಿ ಸಹಿ ಹಾಕಬೇಕು.

ನಮ್ಮ ಯಜಮಾನರು ಪೇಪರಿನ ಹಿಂದಿನಿಂದಲೇ ಕೇಳುತ್ತಿದ್ದರು, "ಮುಗೀತಾ ಪ್ರಾಕ್ಟಿಕಲ್? ಎಕ್ಸ್‌ಟರ್ನಲ್ ಯಾವಾಗ ಬರ್ತಾರೆ?" ಮಗಳು ನಗುತ್ತಿದ್ದಳು. ನಾನೂ ನಗುತ್ತಿದ್ದೆ ಎಂದು ಬರೆಯಲು ಹೊರಟೆ. ನಕ್ಕಿದ್ದೆನೋ ಇಲ್ಲವೋ, ಖಾತ್ರಿಯಿಲ್ಲ.

ಆ ಬೇಸಿಗೆಯಲ್ಲಿ ಒಂದು ಖಾಲಿ ಸೈಟಿನಲ್ಲಿ ಟಿಟ್ಟಿಭ ಮೊಟ್ಟೆಯಿಟ್ಟಿತು. ಕಣ್ಣಿನ ಮುಂದೆ ಕೆಂಪು ಚರ್ಮ, ಉದ್ದ ಹಳದಿ ಕಾಲು, ಹತ್ತಿರ ಹೋದರೆ ತಲೆಯ ಮೇಲೆ ಸುತ್ತುತ್ತಾ ಬೈಯುವ ಹಕ್ಕಿ. ಅದು ಗೂಡು ಕಟ್ಟುವುದಿಲ್ಲ. ಬಟ್ಟಬಯಲಲ್ಲಿ ನಾಲ್ಕು ಕಲ್ಲು ಸರಿಸಿ ನೆಲದ ಮೇಲೇ ಇಟ್ಟುಬಿಡುತ್ತದೆ. ಮಣ್ಣಿನ ಬಣ್ಣ, ಅದರ ಮೇಲೆ ಕಪ್ಪು ಮಚ್ಚೆ. ನಾಲ್ಕು ಮೊಟ್ಟೆ, ಚೂಪು ತುದಿಗಳೆಲ್ಲ ಒಳಮುಖವಾಗಿ. ಮೊದಲು ಕಂಡಿದ್ದು ಮಗಳಿಗೆ. ನಾನು ಅದೇ ಜಾಗದಲ್ಲಿ ಎಷ್ಟೋ ಸಲ ನಡೆದಿದ್ದೆ, ಕಂಡಿರಲಿಲ್ಲ. ಅವತ್ತಿನ ಪುಟ ಚೆನ್ನಾಗಿ ಬಂತು. ಸಹಿ ಹಾಕಿದೆ.

ಮರುದಿನ ಅವಳು ಮತ್ತೆ ಅಲ್ಲಿಗೇ ಹೊರಟಳು. ಅದು ಆಗಿದೆಯಲ್ಲ, ಇವತ್ತು ಬೇರೆ ಎಂದೆ. ಅದರ ಮರುದಿನವೂ ಹಾಗೇ. ಅವಳು ಜಗಳ ಮಾಡುವ ಹುಡುಗಿಯಲ್ಲ. ನಾನು ಹೊಂಗೆ ಮರದ ಕೆಳಗೆ ನಿಂತು ಎಲೆ ತೋರಿಸುವಾಗ, ಚಪ್ಪಲಿಯಲ್ಲಿ ಕಲ್ಲು ಸಿಕ್ಕಿದೆ ಎನ್ನುವುದು, ಕೂರುವುದು, ಅಷ್ಟರಲ್ಲಿ ಸೈಟಿನ ಕಡೆ ಓಡಿ ಒಂದು ಗಳಿಗೆ ನೋಡಿ ಬರುವುದು. ನನಗೆ ಅದು ಗೊತ್ತಾಗುತ್ತಿತ್ತು. ಮನಸ್ಸಿಟ್ಟು ಕಲಿಯುತ್ತಿಲ್ಲ ಎಂದು ಬೇಸರವಾಗುತ್ತಿತ್ತು.

ಒಂದು ದಿನ ಅವಳು ಹೊಸ ಪುಟದಲ್ಲಿ ಮತ್ತೆ ಅದೇ ನಾಲ್ಕು ಮೊಟ್ಟೆ ಬಿಡಿಸಿ ತಂದಳು. ಈ ಸಲ ಮೊಟ್ಟೆಗಳ ಪಕ್ಕದಲ್ಲಿ, ಪುಟದ ಈ ಅಂಚಿನಿಂದ ಆ ಅಂಚಿಗೆ ಒಂದು ಉದ್ದ ಗೆರೆ. ಸ್ಕೇಲ್ ಇಟ್ಟು ಎಳೆದಿದ್ದಳು. ಅದೇನು ಎಂದು ಕೇಳಿದೆ.

"ಅಲ್ಲೈತೆ," ಅಂದಳು.

ಹಾಗೆಂದಳೆಂದು ನನಗೆ ನೆನಪು. ಡೈರಿಯಲ್ಲಿ ಆ ಮಾತಿಲ್ಲ. ಅವತ್ತು ಬರೆದಿರುವುದು ಇಷ್ಟು: ಮೊಟ್ಟೆಯ ಚಿತ್ರ ಎರಡನೇ ಸಲ. ಹೊಸದು ಹುಡುಕಲು ಹೇಳಿದೆ. ಅನಗತ್ಯ ಗೆರೆ ತಿದ್ದಿದೆ. ನಂತರ ಆದದ್ದನ್ನು ತಿಳಿದ ಮೇಲೆ ನಾನೇ ಆ ಮಾತನ್ನು ಅವಳ ಬಾಯಿಗೆ ಹಾಕಿರಬಹುದು. ಆದರೆ ನಾನು ಹೇಳಿದ್ದು ಮಾತ್ರ ಸ್ಪಷ್ಟ, ಏಕೆಂದರೆ ವಿದ್ಯಾರ್ಥಿಗಳಿಗೆ ದಿನವೂ ಹೇಳುತ್ತಿದ್ದದ್ದು ಅದೇ. ಇಲ್ಲದ್ದನ್ನು ಬರೀಬೇಡ. ರಬ್ಬರ್ ತೆಗೆದುಕೊಂಡು ಗೆರೆಯನ್ನು ನಾನೇ ಅಳಿಸಿದೆ, ಪುಡಿ ಊದಿದೆ, ಸಹಿ ಹಾಕದೆ ಪುಸ್ತಕ ವಾಪಸ್ ಕೊಟ್ಟೆ. ಅಲ್ಲಿಗೆ ಹೋಗಿ ನೋಡಲಿಲ್ಲ. ಮನೆಯಿಂದ ನೂರು ಹೆಜ್ಜೆ ದೂರವಿದ್ದಿರಬೇಕು.

ಅದಾದ ಎರಡನೆಯ ದಿನವೋ ಮೂರನೆಯ ದಿನವೋ, ಬೆಳಿಗ್ಗೆ ಗೇಟು ದಾಟುವಾಗಲೇ ಜೆಸಿಬಿ ಸದ್ದು ಕೇಳಿಸಿತು. ಮಗಳು ಓಡಿದಳು. ನಾನು ಹೋಗುವಷ್ಟರಲ್ಲಿ ಸೈಟಿನಲ್ಲಿ ಮೊಟ್ಟೆಯಿದ್ದ ಮೂಲೆಯಲ್ಲೇ ಒಂದಾಳು ಉದ್ದ ಪಾಯ ತೋಡಿ, ಕೆಂಪು ಮಣ್ಣನ್ನು ಪಕ್ಕಕ್ಕೆ ಗುಡ್ಡೆ ಹಾಕಿದ್ದರು. ಹಕ್ಕಿಗಳೆರಡೂ ಕೂಗುತ್ತಾ ಮೇಲೆ ಸುತ್ತುತ್ತಿದ್ದವು. ತೋಡದೆ ಉಳಿದ ಕಡೆ ನೆಲದ ಮೇಲೆ ಸುಣ್ಣದ ಪುಡಿಯ ಗೆರೆ ಕಾಣುತ್ತಿತ್ತು, ಬೆಳ್ಳಗೆ, ನೇರವಾಗಿ.

ಕೆಲಸ ಮಾಡಿಸುತ್ತಿದ್ದವರು ನಿಟ್ಟುವಳ್ಳಿಯ ಮೇಸ್ತ್ರಿ. ಹಿಂದಿನ ವರ್ಷ ನಮ್ಮ ಬಚ್ಚಲಿಗೆ ಟೈಲ್ಸ್ ಹಾಕಿದ್ದವರು ಅವರೇ, ಹಾಗಾಗಿ ಪರಿಚಯ. ಆಳುಗಳ ಜೊತೆ ಉರ್ದುವಿನಲ್ಲಿ ಏನೋ ಜೋರು ಮಾಡುತ್ತಿದ್ದವರು ನನ್ನನ್ನು ನೋಡಿ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಬರ್ರಿ ಮೇಡಂ, ನಿಮ್ಮ ಬಚ್ಚಲು ಸೋರಾಕ ಹತ್ತೇತೇನು, ಬೆಳಿಗ್ಗೇನೇ ಹುಡುಕಿಕೊಂಡು ಬಂದ್ರಲ್ಲ ಎಂದು ನಕ್ಕರು. ಮೊಟ್ಟೆಯ ವಿಷಯ ಹೇಳಿದೆ. ಅವರ ನಗು ನಿಂತಿತು.

"ಮಾರ್ಕಿಂಗ್ ಹಾಕಿ ನಾಕ್ ದಿನ ಆತಲ್ರಿ. ಸುಣ್ಣ ಕಾಣ್ಲಿಲ್ಲೇನ್ರಿ ನಿಮ್ಗ?"

ನಾನು ಆ ಬಿಳಿ ಗೆರೆಯನ್ನು ನೋಡಿದೆ.

"ಒಂದ್ ಮಾತು ಹೇಳಿದ್ರೆ ಈ ಮೂಲೆ ಕೊನೀಗೆ ತೋಡಿಸ್ತಿದ್ದೆ. ಆ ಕಡೆ ಹದಿನೈದಿಪ್ಪತ್ತು ದಿನದ ಕೆಲ್ಸ ಐತೆ."

ಅದು ಸಮಾಧಾನಕ್ಕೆ ಹೇಳಿದ ಮಾತೂ ಇರಬಹುದು. ಸೈಟಿನ ಮಾಲೀಕರು ಒಪ್ಪುತ್ತಿದ್ದರೋ ಇಲ್ಲವೋ, ಜೆಸಿಬಿಯವನು ಕಾಯುತ್ತಿದ್ದನೋ ಇಲ್ಲವೋ. ಇಷ್ಟು ವರ್ಷ ನಾನು ಈ ಅನುಮಾನಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ, ಅವು ನನಗೆ ಅನುಕೂಲವಾಗಿವೆ. ಆದರೆ ಹೇಳಬೇಕಾದ ಒಂದು ಮಾತನ್ನು ನನ್ನ ಮಗಳು ಬರೆದು ತಂದು ಕೈಗೇ ಕೊಟ್ಟಿದ್ದಳು ಎಂಬುದರಲ್ಲಿ ಅನುಮಾನವಿಲ್ಲ.

ಅವಳು ಅಳಲಿಲ್ಲ. ಮೇಸ್ತ್ರಿ ಅವಳ ತಲೆ ಸವರಿ, ಮುಂದಿನ ವರ್ಷ ಇನ್ನೊಂದು ಕಡೆ ಇಡ್ತಾವ ಬೇಟಿ ಅಂದರು. ಅವಳು ತಲೆಯಾಡಿಸಿದಳು. ವಾಪಸ್ ಬರುವಾಗ ನನ್ನ ಕೈ ಹಿಡಿದುಕೊಂಡು ಕೇಳಿದಳು, "ಇವತ್ತು ಯಾವುದು ಬರೀಲಿ ಅಮ್ಮ?"

ಅಲ್ಲಿ ನಿಲ್ಲಬಹುದಿತ್ತು. ಕೂತು ಅವಳನ್ನು ಕೇಳಬಹುದಿತ್ತು, ತಪ್ಪಾಯಿತು ಅನ್ನಬಹುದಿತ್ತು, ಕನಿಷ್ಠ ಇವತ್ತು ಬೇಡ ಅನ್ನಬಹುದಿತ್ತು. ನಾನು ಬೇಲಿಯಿಂದ ಒಂದು ಎಕ್ಕದ ಎಲೆ ಕಿತ್ತುಕೊಟ್ಟೆ. ಅವಳು ಅದನ್ನು ಬಿಡಿಸಿದಳು, ನರಗಳನ್ನೂ ಬಿಡದೆ. ಸಹಿ ಹಾಕಿದೆ. ಆ ಪುಟದಲ್ಲಿ ಒಂದೇ ಒಂದು ತಪ್ಪಿಲ್ಲ.

ಆಮೇಲೂ ಎರಡು ವರ್ಷ ನಾವು ನಡೆದೆವು. ಮೂರು ಪುಸ್ತಕ ತುಂಬಿದವು. ಅವಳ ಸ್ಕೂಲಿನ ವಿಜ್ಞಾನ ಮೇಳದಲ್ಲಿ ಅವನ್ನು ಮೇಜಿನ ಮೇಲೆ ಜೋಡಿಸಿಟ್ಟಿದ್ದರು. ಬಂದವರು ನನ್ನನ್ನು ಹೊಗಳಿದರು. ಮಗಳನ್ನೂ ಹೊಗಳಿದರು, ಆದರೆ ನೆನಪಿಸಿಕೊಂಡರೆ ನನ್ನನ್ನೇ ಹೆಚ್ಚು. ಈಚೆಗೆ ಆ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ನೋಡಿದಾಗ ಒಂದು ವಿಷಯ ಕಂಡಿತು. ಟಿಟ್ಟಿಭದ ನಂತರದ ಪುಟಗಳಲ್ಲಿ ಅವಳಾಗಿ ಕಂಡುಕೊಂಡದ್ದು ಒಂದೂ ಇಲ್ಲ. ಎಲ್ಲವೂ ನಾನು ಬೆರಳು ಮಾಡಿ ತೋರಿಸಿದ್ದೇ. ಚಪ್ಪಲಿಯಲ್ಲಿ ಕಲ್ಲು ಸಿಕ್ಕುವುದು ಕೂಡ ಯಾವತ್ತು ನಿಂತಿತೋ ನನಗೆ ತಿಳಿಯಲಿಲ್ಲ. ಆಗ ಅದನ್ನು ಶಿಸ್ತು ಎಂದುಕೊಂಡಿದ್ದೆ. ಡೈರಿಯಲ್ಲಿ ಹಾಗೇ ಬರೆದಿದ್ದೇನೆ.

ಈಗ ಅವಳು ಹತ್ತನೇ ಕ್ಲಾಸು. ಹೋದ ತಿಂಗಳು ಹರಿಹರದಲ್ಲಿ ನನ್ನ ಅಕ್ಕನ ಮನೆಗೆ ಹೋಗಿದ್ದೆವು. ಸಂಜೆ ಮಂಡಕ್ಕಿ ತಿಂದು, ಇಬ್ಬರೇ ಹೊಳೆಯ ಕಡೆ ನಡೆದೆವು. ನೀರು ಇಳಿದು ಬಂಡೆಗಳು ಮೇಲೆದ್ದಿದ್ದವು. ಈ ಮಾತನ್ನು ಆಡಬೇಕೆಂದು ಪುಸ್ತಕ ನೋಡಿದ ದಿನದಿಂದ ಕಾಯುತ್ತಿದ್ದೆ. ಅವತ್ತು ನಾನು ಅಳಿಸಿದ ಗೆರೆ ಸುಣ್ಣದ ಗೆರೆಯಾಗಿತ್ತು, ನೀನು ಸರಿಯಾಗಿ ನೋಡಿದ್ದೆ, ನಾನು ನೋಡಲಿಲ್ಲ, ತಪ್ಪು ನನ್ನದು ಎಂದೆ. ಅವಳು ಕೋಪ ಮಾಡಿಕೊಳ್ಳುತ್ತಾಳೆ, ಇಲ್ಲವೇ ಕ್ಷಮಿಸುತ್ತಾಳೆ ಎಂದುಕೊಂಡಿದ್ದೆ. ಎರಡಕ್ಕೂ ತಯಾರಾಗಿದ್ದೆ.

ಅವಳು ಸ್ವಲ್ಪ ಯೋಚಿಸಿ, "ಆ ಗೆರೆನಾ? ಅದು ನಾನೇ ಸುಮ್ನೆ ಎಳೆದಿದ್ದು ಅಂತ ಅಂದ್ಕೊಂಡಿದ್ದೆ," ಅಂದಳು. "ನೀನೇ ಹೇಳಿದ್ಯಲ್ಲಮ್ಮ, ಅಲ್ಲಿಲ್ಲ ಅಂತ."

"ಇತ್ತು. ನಾನೇ ಆಮೇಲೆ ನೋಡಿದೆ. ಮೇಸ್ತ್ರಿನೂ ಹೇಳಿದ್ರು."

"ಹೌದಾ? ನಿಂಗೆ ನೆನಪಿದ್ರೆ ಇದ್ದಿರಬೇಕು ಬಿಡು."

ಅವಳ ಮಾತಿನಲ್ಲಿ ವ್ಯಂಗ್ಯ ಹುಡುಕಿದೆ, ಇರಲಿಲ್ಲ. ಕಾಗದದ ಮೇಲಿನ ಗೆರೆಯನ್ನು ಮಾತ್ರ ಅಳಿಸಿದೆ ಎಂದುಕೊಂಡಿದ್ದೆ. ಈಗ ನಾನು ಅದನ್ನು ವಾಪಸ್ ಕೊಟ್ಟರೂ ಅವಳು ತೆಗೆದುಕೊಳ್ಳುವುದು ನನ್ನ ಮಾತಿನ ಮೇಲೆಯೇ, ಸಹಿ ಹಾಕಿಸಿಕೊಂಡ ಹಾಗೆ. ಹಕ್ಕಿಗಳು ಕೂಗುತ್ತಿದ್ದದ್ದು ನೆನಪಿದೆಯಾ ಎಂದು ಕೇಳಬೇಕೆನಿಸಿತು. ಕೇಳಿದರೆ ಅದನ್ನೂ ನಾನೇ ತುಂಬಿಕೊಟ್ಟಂತಾಗುತ್ತದೆಂದು ಸುಮ್ಮನಾದೆ.

ಸ್ವಲ್ಪ ದೂರ ನಡೆದೆವು. ಬಿಸಿಲು ಇಳಿಯುತ್ತಿತ್ತು, ಹೊಳೆಯಲ್ಲಿ ಏನೇನೋ ಇತ್ತು. ಬಂಡೆ, ಬಟ್ಟೆ ಒಗೆಯುವವರು, ದೂರದ ಸೇತುವೆ, ನೀರಿನ ಮೇಲೆ ಯಾವುದೋ ಹಕ್ಕಿ. ನಾನು ನಿಂತು, ಆದಷ್ಟು ಸಾದಾ ದನಿಯಲ್ಲಿ, ನಿಂಗೆ ಇಲ್ಲಿ ಏನು ಕಾಣ್ತೈತೆ ಹೇಳು ಎಂದೆ.

ಅವಳು ಹೊಳೆಯ ಕಡೆ ತಿರುಗಲಿಲ್ಲ. ನನ್ನ ಕಣ್ಣು ಯಾವ ಕಡೆಗಿದೆ ಎಂದು ನೋಡಿದಳು.

"ನೀನು ಯಾವುದನ್ನ ತೋರಿಸ್ತಿದೀಯ?"

ಯಾವುದೂ ಇಲ್ಲ ಎಂದೆ. ಅವಳು ನಂಬಲಿಲ್ಲ. ವಿನಯದಿಂದ ಕಾಯುತ್ತಾ ನಿಂತಳು.