ಆಸ್ಪತ್ರೆಗೆ ಬಂದ ಮುದ್ದೆ

ಬಂಧುಗಳೇ, ಇವತ್ತು ಹಾಸನದ ಆಸ್ಪತ್ರೆಯಲ್ಲಿ ಒಂದು ರಾಗಿಮುದ್ದೆಗಾಗಿ ನಮ್ಮಲ್ಲಿ ಜಗಳವಾಯಿತು.

ಸೊಂಟದ ಮೂಳೆ ಮುರಿದು ಆಪರೇಷನ್ ಆದಮೇಲೆ ನನ್ನಾಕೆಗೆ ನೀರು ಕುಡಿದರೂ ನೆತ್ತಿಗೆ ಹತ್ತುತ್ತಿದೆ. "ತೆಳ್ಳಗಿರೋದು ಬೇಡ. ಗಂಜಿ ಮಂದವಾಗಿ ಮಾಡಿ, ಕೂರಿಸಿ, ಚಮಚದಲ್ಲಿ ಕೊಡಿ. ಇಲ್ಲಾಂದ್ರೆ ಶ್ವಾಸಕೋಶಕ್ಕೆ ಇಳಿಯುತ್ತೆ" ಎಂದಿದ್ದಾರೆ ಡಾಕ್ಟರು. ಇದನ್ನು ಅರಕಲಗೂಡಿನ ನಾದಿನಿ ಜಯಮ್ಮನಿಗೆ ಫೋನಿನಲ್ಲಿ ತಿಳಿಸಿದ್ದೆ. ಮಧ್ಯಾಹ್ನ ನೋಡಿದರೆ ಅವಳು ಬಿಸಿ ಮುದ್ದೆ, ಬಸ್ಸಾರು ಹೊತ್ತುಕೊಂಡು ಬಂದಿದ್ದಾಳೆ!

"ಮುದ್ದೆಗಿಂತ ಮಂದ ಇನ್ನೇನೈತೆ ಭಾವ? ಅಗಿಯೋ ಅಂಗೂ ಇಲ್ಲ, ಜಾರ್ಕೊಂಡು ಓಯ್ತದೆ" ಎನ್ನುತ್ತಾ ತುತ್ತು ಮುರಿದು ಸಾರಿಗೆ ಅದ್ದಿದಳು. ಎಂಟು ದಿನದಿಂದ ಸರಿಯಾಗಿ ಉಣ್ಣದ ನನ್ನಾಕೆ ಬಾಯಿ ತೆರೆದೇಬಿಟ್ಟಳು. ನಾನು ಜಯಮ್ಮನ ಕೈ ಹಿಡಿದುಕೊಂಡೆ.

"ಕಟ್ಕೊಂಡೋಳ ಬಾಯಿಂದ ತುತ್ತು ಕಿತ್ಕೋತೀರಲ್ಲ ಭಾವ!"

ಕೂಗು ಕೇಳಿ ಓಡಿಬಂದ ಸಿಸ್ಟರು, "ಅಜ್ಜೀನ ಉಳಿಸ್ಕೋಬೇಕೋ ಬೇಡ್ವೋ? ಮುದ್ದೆ ಗಂಟಲಲ್ಲಿ ಸಿಕ್ಕೊಂಡ್ರೆ ಉಸಿರೇ ಕಟ್ಟುತ್ತೆ" ಎಂದು ಗದರಿದರು. ಜಯಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಕೂತುಬಿಟ್ಟಳು.

ನನ್ನಾಕೆ ಮಾತ್ರ ಮೆಲ್ಲಗೆ, "ಮಕ್ಳು ಮೊಮ್ಮಕ್ಳಿಗೆಲ್ಲ ಮುದ್ದೆ ನುಂಗೋದು ಕಲ್ಸಿದೋಳು ಕಣ್ರೀ ನಾನು" ಎಂದಳು. ಗಂಜಿ ಮೂರು ಚಮಚಕ್ಕೇ ಸಾಕೆಂದು ಮುಖ ತಿರುಗಿಸಿಕೊಂಡಳು.

ಅನ್ನ ಚೆಲ್ಲಬಾರದೆಂದು ಆ ಮುದ್ದೆಯನ್ನು ವರಾಂಡದಲ್ಲಿ ಕೂತು ನಾನೇ ಉಣ್ಣಲು ಹೋದೆ. ಮೊದಲ ತುತ್ತೇ ಇಳಿಯಲಿಲ್ಲ. ಆಪರೇಷನ್ ಆಗಿರುವುದು ಅವಳ ಸೊಂಟಕ್ಕೆ. ನನ್ನ ಗಂಟಲಿಗೆ ಏನಾಗಿದೆಯೋ, ನಾಳೆ ಡಾಕ್ಟರನ್ನು ಕೇಳಬೇಕು.