ಬಾಗಿಲ ಬಳಿ ಕೂತವರು

ಕಳೆದ ವಾರ ಅರಸೀಕೆರೆಯ ನಮ್ಮ ಕಚೇರಿಯ ಅಟ್ಟ ಗುಡಿಸುವಾಗ ಒಂದು ಈಚಲು ಚಾಪೆ ಕೆಳಗೆ ಬಂತು. ಸುರುಳಿ ಸುತ್ತಿ ಹುರಿಯಲ್ಲಿ ಕಟ್ಟಿತ್ತು. ಬಿಚ್ಚಿದೆ. ಕರ್ಪೂರ, ಲೋಬಾನ, ಮೇಣದಬತ್ತಿ ಎಲ್ಲ ಬೆರೆತ ಹಳೆಯ ವಾಸನೆ ಮೂಗಿಗೆ ತಾಗಿತು. ಕಸ ಗುಡಿಸುವ ಹೆಂಗಸು, "ಹುಳ ಹಿಡಿದೈತೆ ಸಾರ್, ಆಚೆ ಹಾಕ್ಲಾ?" ಎಂದಳು. ಬೇಡ ಎಂದೆ. ಅಷ್ಟು ಜೋರಾಗಿ ಹೇಳಬೇಕಾಗಿರಲಿಲ್ಲ...

ಅದು ನಮ್ಮ ಹಿಂದಿನ ಅಧ್ಯಕ್ಷೆಯ ಚಾಪೆ.

ನಮ್ಮದು ಸಣ್ಣ ಸಂಸ್ಥೆ. ಯಾರ ಪೂಜೆಗೆ, ಯಾರ ನಮಾಜಿಗೆ, ಯಾರ ಪ್ರಾರ್ಥನೆಗೆ ಅಡ್ಡಿ ಬಂದರೂ ಅವರ ಪರವಾಗಿ ಶುಲ್ಕ ಪಡೆಯದೆ ವಾದಿಸುವುದು ಅದರ ಕೆಲಸ. ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದ ಮೇಲೆ ನಾನು ಅಲ್ಲಿ ಕಾರ್ಯದರ್ಶಿಯಾದೆ. ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆಯುವುದು, ಕಡತ ಜೋಡಿಸುವುದು, ವಾಯಿದೆಯ ದಿನ ಮರೆಯದಂತೆ ನೋಡಿಕೊಳ್ಳುವುದು ನನ್ನ ಪಾಲಿಗೆ. ಉಳಿದದ್ದೆಲ್ಲ ವಕೀಲೆಯಾಗಿದ್ದ ಅಧ್ಯಕ್ಷೆಯದು, ನಮ್ಮೆಲ್ಲರ ಬಾಯಲ್ಲಿ ಮೇಡಂ. ಬೇಲೂರು ಕಡೆಯ, ದೇವಸ್ಥಾನದ ಸೇವೆ ಮಾಡಿಕೊಂಡು ಬಂದ ಮನೆಯ ಹೆಣ್ಣುಮಗಳು. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಕಪ್ಪು ಕೋಟು. ಶನಿವಾರ ದೇವರ ದರ್ಶನಕ್ಕೆ ಮಾಲೇಕಲ್ಲು ಬೆಟ್ಟ ಹತ್ತುವುದನ್ನು ತಪ್ಪಿಸಿದವರಲ್ಲ. ವಕೀಲರ ಬಾರ್ ರೂಮಿನಲ್ಲಿ ಕೆಲವರು ಅವರ ಬೆನ್ನ ಹಿಂದೆ, "ಮನೇಲಿ ಘಂಟೆ, ಕೋರ್ಟಲ್ಲಿ ಶಿಲುಬೆ" ಎನ್ನುತ್ತಿದ್ದರು. ಒಮ್ಮೆ ಅದು ಅವರ ಕಿವಿಗೇ ಬಿತ್ತು. "ನಾಳೆ ಮಸೀದಿ ಕೇಸೂ ಇದೆ ಕಣ್ರೀ, ಅದನ್ನೂ ಸೇರಿಸ್ಕೊಳ್ಳಿ" ಎಂದು ಹೇಳಿ ಹೋದರು.

ಅವರದೊಂದು ಕ್ರಮವಿತ್ತು. ಕೇಸು ತೆಗೆದುಕೊಳ್ಳುವ ಮುಂಚೆ ಆ ಜನರ ಆರಾಧನೆಯನ್ನು ಮೊದಲಿಂದ ಕೊನೆಯವರೆಗೆ ಕೂತು ನೋಡಬೇಕು. ತಮ್ಮ ಚಾಪೆಯ ಮೇಲೆ, ಬಾಗಿಲ ಬಳಿ. ಕೈಮುಗಿಯುವ ಹಾಗಿಲ್ಲ, ಹಾಡುವ ಹಾಗಿಲ್ಲ, ಪ್ರಸಾದ ಕೊಟ್ಟರೆ ಮನೆಗೆ ಒಯ್ಯುವುದು. ಅದು ಮುಗಿದ ಮೇಲೆ ವಿರೋಧ ಮಾಡುವವರ ಮನೆಗೂ ಹೋಗಿ ಕಾಫಿ ಕುಡಿಯಬೇಕು. ಆಮೇಲೆಯೇ ವಕಾಲತ್ತಿಗೆ ಸಹಿ. ಕ್ರಮ ಇಟ್ಟುಕೊಂಡವರು ನನಗೆ ಇಷ್ಟ. ಆ ಕ್ರಮವೇ ಅವರನ್ನು ಕಾಡುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಬಿಕ್ಕೋಡಿನಿಂದ ಜೀಪಿನಲ್ಲಿ ಒಳಗೆ ಹೋದರೆ ಒಂದು ಸಣ್ಣ ಊರು. ಅಲ್ಲಿ ಒಬ್ಬ ಮುದುಕಿ ಇದ್ದಳು. ಗಂಡ ಸತ್ತು ಬಹಳ ಕಾಲವಾಗಿತ್ತು. ಅವಳ ಮನೆಯ ನಡುಮನೆಯಲ್ಲಿ ಭಾನುವಾರ ಕಾಫಿ ತೋಟದ ಕೂಲಿಯವರು ಸೇರಿ ಪ್ರಾರ್ಥನೆ ಮಾಡುತ್ತಿದ್ದರು. ಅವರ ಹಾಡಿಗೆ ಒಂದು ಪದ್ಧತಿ ಇತ್ತು. ಮುದುಕಿ ಒಂದು ಸಾಲು ಹೇಳಿ ನಿಲ್ಲಿಸುವಳು, ಮಿಕ್ಕವರು ಅದರ ಹಿಂದೆ ಉತ್ತರದ ಸಾಲು ಹೇಳಬೇಕು. ಅವರು ಹೇಳದಿದ್ದರೆ ಅವಳು ಮುಂದಕ್ಕೆ ಹೋಗುವಂತಿಲ್ಲ. ಊರಿನ ಕೆಲವರು ಬಂದು ಬೈದರು, ಹಾಡು ನಿಲ್ಲಲಿಲ್ಲ. ಕಡೆಗೆ ಒಂದು ಭಾನುವಾರ ಬಾಗಿಲಿಗೆ ಅಡ್ಡ ನಿಂತು ಯಾರನ್ನೂ ಒಳಗೆ ಬಿಡಲಿಲ್ಲ. ಮಾರನೆಯ ದಿನ ಮುದುಕಿ ಬಸ್ಸು ಹತ್ತಿ ನಮ್ಮಲ್ಲಿಗೆ ಬಂದಳು.

ಮೇಡಂ ಕ್ರಮದಂತೆ ಹೋಗಿ ಕೂತರು. ಅವತ್ತು ಹಿತ್ತಲ ಬಾಗಿಲಿಂದ ಬಂದ ನಾಲ್ಕು ಜನ ಮೆಲ್ಲಗೆ ಹಾಡಿದರು. ನಾನೂ ಜೊತೆಯಲ್ಲಿದ್ದೆ. ಆಮೇಲೆ, ಎದುರು ನಿಂತವರಲ್ಲಿ ಮುಖ್ಯನಾದ ಅಂಗಡಿಯವನ ಮನೆಗೆ ಹೋದೆವು.

"ಲಾಯರಮ್ಮ, ನೀವು ನಮ್ಮೋರೇ ಆಗಿ ಹಿಂಗ್ ಮಾಡ್ತೀರಲ್ಲ!" ಎಂದ ಅವನು.

"ನಿಮ್ಮೋಳು ಅಂತಲೇ ನಿಮ್ಮನೆ ಕಾಫಿ ಕುಡೀತಿರೋದು. ಸಕ್ಕರೆ ಜಾಸ್ತಿ ಆಯ್ತು, ನಿಮ್ಮನೆಯೋರಿಗೆ ಹೇಳಿ."

ಅವನಿಗೂ ನಗು ಬಂತು. ಆದರೆ ಪಟ್ಟು ಬಿಡಲಿಲ್ಲ.

ಕೇಸು ಗೆದ್ದೆವು. ಪ್ರಾರ್ಥನೆಗೆ ಯಾರೂ ಅಡ್ಡಿ ಮಾಡಬಾರದು, ಪ್ರತಿ ಭಾನುವಾರ ಪೊಲೀಸರು ರಕ್ಷಣೆ ಕೊಡಬೇಕು ಎಂದು ಆದೇಶವಾಯಿತು. ರಕ್ಷಣೆ ಬೇಕೆಂದು ಅರ್ಜಿಯಲ್ಲಿ ಕೇಳಿದ್ದವರು ಮೇಡಂ. ಇಂಥ ಅರ್ಜಿಗಳಲ್ಲಿ ಅದನ್ನು ಕೇಳುವುದು ವಾಡಿಕೆ. ಯಾರೂ ಎರಡನೆಯ ಸಲ ಯೋಚಿಸುವುದಿಲ್ಲ.

ಮುಂದಿನ ಭಾನುವಾರ ಹೋಗಿ ನೋಡಿದರೆ ಮುದುಕಿಯ ಜಗಲಿಯ ಮುಂದೆ ಪೊಲೀಸ್ ಜೀಪು ನಿಂತಿತ್ತು. ಒಬ್ಬ ಪೇದೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಂದವರನ್ನೆಲ್ಲ ವಿಚಾರಿಸುತ್ತಿದ್ದ. ಯಾವೂರು, ಯಾರ ತೋಟ, ಎಷ್ಟು ದಿನದಿಂದ ಬರ್ತೀಯ... ಒಬ್ಬ ಕೂಲಿಯಾಳಿಗೆ ಸಿಟ್ಟು ಬಂತು. "ನಾವೇನ್ ಕಳ್ರಾ ಸಾ?"

"ನಿಮ್ಮನ್ನ ಕಾಯಕ್ಕೇ ಕೇಳ್ತಿರೋದು ಕಣಣ್ಣ. ಯಾರು ಅಂತ ಗೊತ್ತಿಲ್ದೆ ಹೆಂಗ್ ಕಾಯ್ಲಿ?" ಪೇದೆ ಒಳ್ಳೆಯವನು. ಕಡಲೆಕಾಯಿ ಸುಲಿದು ಅವನಿಗೂ ಕೊಟ್ಟ. ಕೂಲಿಯಾಳು ಕಡಲೆಕಾಯಿ ಇಸಕೊಂಡು ಮನೆಯ ದಾರಿ ಹಿಡಿದ.

ಮರುವಾರ ಅರ್ಧ ಜನ. ಆಮೇಲೆ ಅದೂ ಇಲ್ಲ. ದಿನಗೂಲಿಯವರಿಗೆ ಬೈಗುಳ ಹೊಸದಲ್ಲ, ಪೊಲೀಸರ ಬಾಯಲ್ಲಿ ಹೆಸರು ಬರುವುದು ಬೇರೆ. ಮೇಡಂ ಠಾಣೆಗೆ ಹೋಗಿ ಜೀಪು ತೆಗೆಸಿ ಎಂದರು. ನೀವೇ ತಂದ ಆದೇಶ, ಕೋರ್ಟಿಗೇ ಹೇಳಿ ಎಂದರು ಠಾಣೆಯವರು. ಕೋರ್ಟಿಗೆ ಅರ್ಜಿ ಹಾಕಿ ತೆಗೆಸಿಯೂ ಆಯಿತು. ಅಷ್ಟರಲ್ಲಿ ಜನರಿಗೆ ಬಾರದಿರುವುದೇ ರೂಢಿಯಾಗಿತ್ತು.

"ಮೊದ್ಲು ಬೈಸ್ಕೊಂಡು ಹಾಡ್ತಿದ್ವಿ ಕಣವ್ವ," ಎಂದಳು ಮುದುಕಿ. "ಈಗ ಬೈಯೋರೂ ಇಲ್ಲ, ಹಾಡೋರೂ ಇಲ್ಲ."

ಅಂದಿನಿಂದ ಮೇಡಂ ಪ್ರತಿ ಭಾನುವಾರ ಅಲ್ಲಿಗೆ ಹೋಗತೊಡಗಿದರು. ಇಲ್ಲಿ ಪ್ರಾರ್ಥನೆಯೇ ನಡೆಯುವುದಿಲ್ಲ ಎಂದು ಎದುರಾಳಿಗಳು ನಾಳೆ ಕೋರ್ಟಿಗೆ ಹೇಳಬಾರದು, ಯಾರಾದರೂ ಬಂದಾರು, ಬಾಗಿಲು ತೆರೆದಿರಲಿ ಎಂಬುದು ಅವರ ವಾದ. ಹಳೇಬೀಡಿನಲ್ಲಿ ಟೀ ಕುಡಿದು ಮುಂದೆ ಹೋಗುತ್ತಿದ್ದೆವು. ಮುದುಕಿ ಒಳಗೆ ಗೋಡೆಗೆ ಒರಗಿ ಕೂರುವಳು, ಮೇಡಂ ಬಾಗಿಲ ಬಳಿ, ನಾನು ಜಗಲಿಯ ಮೇಲೆ. ಮುದುಕಿ ಒಂದು ಸಾಲು ಹೇಳಿ ನಿಲ್ಲಿಸುವಳು. ಹಿಂದೆ ಹೇಳುವವರಿಲ್ಲ. ಸ್ವಲ್ಪ ಹೊತ್ತು ಕಾಯುವಳು. ಮತ್ತೆ ಅದೇ ಸಾಲು...

ಒಂದು ಭಾನುವಾರ ಅವಳೇ ಬಾಯಿಬಿಟ್ಟು ಕೇಳಿದಳು. "ನಿಂಗ್ ಬರ್ತದಲ್ಲವ್ವ. ಇಷ್ಟ್ ದಿನ ಕೇಳಿದೀಯ. ಒಂದೇ ಒಂದ್ ಕಿತ ನೀನೇ ಹಿಂದಕ್ಕೆ ಹೇಳ್ಬಾರ್ದಾ?"

ಮೇಡಂ ಚಾಪೆಯ ಅಂಚು ಸರಿಮಾಡಿಕೊಂಡರು. ಆಮೇಲೆ ಮೆಲ್ಲಗೆ, "ನಾನು ಕಾಯೋಳು ಅಜ್ಜಿ, ಹಾಡೋಳಲ್ಲ. ನಾನು ಹಾಡಿದ್ರೆ ಲಾಯರ್ರೇ ಆ ಕಡೆ ಸೇರಿದ್ರು ಅಂತಾರೆ. ಆಮೇಲೆ ಇನ್ನೊಬ್ಬರ ಕೇಸಲ್ಲಿ ನನ್ನ ಮಾತು ನಿಲ್ಲೋದಿಲ್ಲ" ಎಂದರು.

"ಹೂಂ, ಅದೂ ಸರಿಯೇ," ಎಂದಳು ಮುದುಕಿ. ಮುನಿಸಿರಲಿಲ್ಲ. ಹೊರಡುವಾಗ ಎಂದಿನಂತೆ ಕಿತ್ತಳೆ ಹಣ್ಣು ಕೊಟ್ಟಳು.

ಆ ವಾರದಲ್ಲೇ ತೀರಿಕೊಂಡಳು. ನೆರೆಯವರು ಬೆಳಿಗ್ಗೆ ಬಾಗಿಲು ತಟ್ಟಿ ನೋಡಿದರಂತೆ.

ಅದಾದ ಮೇಲೂ ಮೇಡಂ ಕೋರ್ಟಿಗೆ ಬಂದರು, ವಾದಿಸಿದರು, ಗೆದ್ದರು. ಹೊರಗಿನವರಿಗೆ ವ್ಯತ್ಯಾಸ ಕಂಡಿರಲಾರದು. ದಿನವೂ ಎದುರು ಕೂರುತ್ತಿದ್ದ ನನಗೆ ಕಂಡಿತು. ಕಡತ ಓದುತ್ತಾ ಓದುತ್ತಾ ನಿಲ್ಲಿಸುವರು, ತಲೆ ಎತ್ತುವರು, ಯಾರೋ ಮಾತಾಡಿ ಮುಗಿಸಲೆಂದು ಕಾಯುವವರ ಹಾಗೆ. ಆಮೇಲೆ ಗಂಟಲಲ್ಲೇ ಒಂದು ಸಾಲು ಗುನುಗುವರು. ಮತ್ತೆ ಮೌನ. ಮತ್ತೆ ಒಂದು ಸಾಲು. ಮೊದಲು ನನಗೆ ಅರ್ಥವಾಗಲಿಲ್ಲ. ಒಂದು ಮಧ್ಯಾಹ್ನ ಅರ್ಥವಾಯಿತು, ಕೈಯಲ್ಲಿದ್ದ ಲೋಟ ಮೇಜಿನ ಮೇಲಿಟ್ಟೆ. ಅವರು ಮಿಕ್ಕವರ ಉತ್ತರದ ಸಾಲನ್ನು ಮಾತ್ರ ಹೇಳುತ್ತಿದ್ದರು. ನಡುವಿನ ಮೌನದಲ್ಲಿ ಮುದುಕಿಯ ಸಾಲು ಅವರಿಗೆ ಕೇಳಿಸುತ್ತಿತ್ತು.

"ಮೇಡಂ, ಆ ಹಾಡು..." ಎಂದೆ.

"ಯಾವ ಹಾಡು, ಕಾರ್ಯದರ್ಶಿಗಳೇ?" ಎಂದರು. ನಿಜಕ್ಕೂ ಗೊತ್ತಿಲ್ಲದವರ ಮುಖ.

ಕೊನೆಗೆ ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಅದೇ. ಮಾತು ನಿಂತು ಹೋಗಿತ್ತು, ತುಟಿ ಅಲುಗುತ್ತಿತ್ತು. ಅಲುಗುವುದು, ಕಾಯುವುದು, ಅಲುಗುವುದು. ಮಂಚದ ಪಕ್ಕದಲ್ಲಿ ಕೂತಿದ್ದ ಅವರ ತಂಗಿ, "ಅಕ್ಕ ವಿಷ್ಣು ಸಹಸ್ರನಾಮ ಹೇಳ್ತಿದಾಳೆ ಅನ್ಸುತ್ತೆ" ಎಂದರು. ಇರಬಹುದು ಎಂದೆ.

ಈಗ ಅಧ್ಯಕ್ಷರ ಕುರ್ಚಿಯಲ್ಲಿ ನಾನಿದ್ದೇನೆ. ನಾನು ವಾದಿಸುವವನಲ್ಲ, ವಕೀಲರನ್ನು ನೇಮಿಸಿ ಕೆಲಸ ತೂಗಿಸುತ್ತೇನೆ. ಮೊನ್ನೆ ಕಣಕಟ್ಟೆ ಕಡೆಯ ಒಂದು ಕುಟುಂಬ ಬಂದಿತ್ತು. ಊರ ಗುಡಿಯೊಳಗೆ ಅವರನ್ನು ಬಿಡುತ್ತಿಲ್ಲ. ನಮ್ಮ ಹೊಸ ವಕೀಲೆ ಕರಡು ಅರ್ಜಿ ತಂದು ತೋರಿಸಿದಳು. ಕೊನೆಯಲ್ಲಿ ಪೊಲೀಸ್ ರಕ್ಷಣೆ ಕೇಳಿದ್ದಳು. ಮೊದಲು ಆ ಮನೆಯವರನ್ನು ಕೇಳಿ ಬಾ, ಅವರಿಗೆ ಬೇಕಿದ್ದರೆ ಮಾತ್ರ ಬರೆ ಎಂದೆ. ಅಷ್ಟು ಮಾಡುವುದು ನನಗೆ ಗೊತ್ತು. ಇನ್ನೊಂದು ಗೊತ್ತಿಲ್ಲ. ಆ ಮನೆಯ ಯಾರಾದರೂ ಕೈ ಹಿಡಿದು, ಗುಡಿಯೊಳಗೆ ನಮ್ಮ ಜೊತೆ ನೀವೂ ಬನ್ನಿ ಎಂದರೆ ಆ ಹುಡುಗಿ ಏನು ಹೇಳಬೇಕು? ಅದನ್ನು ನಾನು ಕೇಳಬಹುದಾಗಿದ್ದುದು ಮೇಡಂ ಒಬ್ಬರನ್ನೇ. ಅವರಿಲ್ಲ.

ಬಿಕ್ಕೋಡು ಕಡೆಯ ಮುದುಕಿಯ ಆ ಮನೆಯಲ್ಲಿ ಈಗ ಯಾರೋ ಮೆಣಸಿನ ಚೀಲ ಇಟ್ಟಿದ್ದಾರೆಂದು ಕೇಳಿದ್ದೇನೆ. ಅಡ್ಡಿ ಮಾಡಬಾರದೆಂಬ ಆದೇಶವನ್ನು ಯಾರೂ ರದ್ದು ಮಾಡಿಸಿಲ್ಲ, ರದ್ದು ಮಾಡಿಸುವ ಅಗತ್ಯ ಯಾರಿಗೂ ಬಿದ್ದಿಲ್ಲ. ಕಾನೂನಿನ ಪ್ರಕಾರ ಈ ಭಾನುವಾರವೂ ಅಲ್ಲಿ ಹಾಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.