ಒಂದಕ್ಷರ ಕಮ್ಮಿ

ಹಾಜರಿ ಕರೆಯುವಾಗ ಕರಿಯಯ್ಯ ಮೇಷ್ಟ್ರು ಯಾರ ಹೆಸರನ್ನೂ ತುಂಡು ಮಾಡುತ್ತಿರಲಿಲ್ಲ. ಮನೆಯಲ್ಲಿ ಬರೀ ಮಂಜನಾಗಿದ್ದ ನಾನು ಅವರ ಬಾಯಲ್ಲಿ ಮಂಜುನಾಥೇಗೌಡನೇ. ಆನೇಮಹಲ್‌ನಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬಂದು ಸಕಲೇಶಪುರದ ನಮ್ಮ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುತ್ತಿದ್ದರು. ಅವರು ಹುಟ್ಟಿದ್ದು ನಮ್ಮ ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ. ಅದನ್ನು ಅವರು ಮುಚ್ಚಿಡಲಿಲ್ಲ, ನಾನು ಹೇಳಿಕೊಳ್ಳಲಿಲ್ಲ.

ಒಂದು ದಿನ ಬೋರ್ಡಿನ ಮೇಲೆ ‘ಕಪ್ಪು ರಾಷ್ಟ್ರೀಯತೆ’ ಎಂದು ಬರೆದು, ಅರ್ಥ ಯಾರಿಗಾದರೂ ಗೊತ್ತೇ ಎಂದರು. ನಾನು ಎದ್ದೆ.

“ಕಾಫಿ ಬೀಜದಲ್ಲಿ ಕೆಟ್ಟು ಕಪ್ಪಾದ್ದನ್ನ ಬ್ಲ್ಯಾಕ್ ಅಂತ ಆರಿಸಿ ಬಿಸಾಕ್ತಾರಲ್ಲ ಸಾರ್, ಹಂಗೆ ಬೇರೆ ಮಾಡೋದು.”

ಕ್ಲಾಸು ನಕ್ಕಿತು. ಅವರೂ ನಕ್ಕರು.

“ಅರ್ಧ ಸರಿ ಐತೆ ಕಣೋ. ಆಫ್ರಿಕದ ಜನಾನ ಹಡಗಲ್ಲಿ ತುಂಬ್ಕೊಂಡು ಅಮೆರಿಕಕ್ಕೆ ಒಯ್ದು ದುಡಿಸ್ಕೊಂಡ್ರು. ಹೆಸ್ರೂ ಕಿತ್ಕೊಂಡು ಯಜಮಾನನ ಹೆಸ್ರು ಇಟ್ರು. ಗುಲಾಮಗಿರಿ ಇದ್ದಾಗ್ಲೇ ಶುರುವಾದ ಮಾತಿದು. ಅದು ಹೋದ್ರೂ ಮರ್ಯಾದೆ ಬರ್ದಿದ್ದಾಗ ಜೋರಾಯ್ತು. ನಿಮ್ ಪಂಕ್ತೀಲಿ ಜಾಗ ಕೊಡಿ ಅಂತ ಕೇಳಕಿಲ್ಲ. ನಮ್ ಶಾಲೆ, ನಮ್ ಅಂಗಡಿ, ನಮ್ ಪತ್ರಿಕೆ, ನಮ್ ಆಳ್ವಿಕೆ ನಾವೇ ಕಟ್ಕೊತೀವಿ ಅಂದ್ರು. ಕೆಲವರು ಆಫ್ರಿಕಕ್ಕೇ ವಾಪಸ್ ಹೋಗಾಣ ಅಂದ್ರು, ಕೆಲವರು ಇದ್ದ ಬೀದೀನೇ ನಮ್ದು ಮಾಡ್ಕಳಾಣ ಅಂದ್ರು. ಜಗಳ ಅವರಲ್ಲೂ ಇತ್ತು ಮಾರಾಯ, ನಮ್ಮಂಗೇ.”

ಆಮೇಲೆ ಕೈಯ ಸೀಮೆಸುಣ್ಣ ಒರೆಸಿಕೊಳ್ಳುತ್ತಾ ಅಂದರು: “ನಮ್ಮವ್ವ ಇವನ ಮನೆ ಕಾಫಿ ಸ್ಟೋರಲ್ಲಿ ಕುಂತು ದಿನಾ ಬ್ಲ್ಯಾಕ್ ಆರ್ಸಿ ಬಿಸಾಕೋಳು. ಸಂಜೆ ಬಂದು ‘ನನ್ ಕರಿಯ’ ಅಂತ ನನ್ನ ಎತ್ಕಳೋಳು. ನನ್ ಪಾಠ ಅಲ್ಲೇ ಮುಗೀತು. ಈ ಬೋರ್ಡಲ್ಲಿರೋದು ಪರೀಕ್ಷೆಗೆ.”

ಆ ಡಿಸೆಂಬರಿನಲ್ಲಿ ಮಗಳ ಮದುವೆಯ ಕರೆಯೋಲೆ ಹಿಡಿದು ನಮ್ಮ ಮನೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕಣದಲ್ಲಿ ಕಾಫಿ ಹರವಿಸುತ್ತಿದ್ದ ಅಪ್ಪ ತಿರುಗಿ, “ಏನ್ಲಾ ಕರಿಯ, ಮೇಷ್ಟ್ರಾಗಿ ನಮ್ಮನ್ನ ಮರ್ತೇಬುಟ್ಟಾ?” ಎಂದರು. ಪ್ರೀತಿಯಿಂದಲೇ ಅಂದರು; ಅದನ್ನೂ ಹೇಳಬೇಕು.

“ಒಂದಕ್ಷರ ಕಮ್ಮಿ ಆಯ್ತು, ಗೌಡ್ರೇ,” ಎಂದು ಮೇಷ್ಟ್ರು ನಕ್ಕರು.

ಅಪ್ಪನಿಗೆ ಅರ್ಥವಾಗಲಿಲ್ಲ. ಮೇಷ್ಟ್ರು ನನ್ನ ಕಡೆ ನೋಡಿದರು. ನನಗೆ ಅರ್ಥವಾಗಿತ್ತು. ನಾನು ಕಾಫಿ ಹಣ್ಣನ್ನು ಕಾಲಿನಿಂದ ಸರಿಸುತ್ತಾ ನಿಂತೆ. ಅವರು ಓಲೆಯನ್ನು ಜಗಲಿಯ ಮೇಲಿಟ್ಟು ಹೊರಟರು.

ಹೋದ ತಿಂಗಳು ಅಪ್ಪ ಮೊಬೈಲ್ ನೋಡುತ್ತಾ, “ಕರಿಯ ತೀರ್ಕಂಡ್ನಂತೆ ಕಣೋ, ಪಾಪ” ಅಂದರು.

“ಕರಿಯಯ್ಯ.”

“ಹ್ಞಾ?”

“ಕರಿಯಯ್ಯ ಮೇಷ್ಟ್ರು, ಅಪ್ಪ.”

ಅಪ್ಪ ಕನ್ನಡಕ ತೆಗೆದರು. “ಕರಿಯಯ್ಯ,” ಎಂದು ಒಮ್ಮೆ ಹೇಳಿ ನೋಡಿದರು, ಹೊಸ ಚಪ್ಪಲಿ ಮೆಟ್ಟಿ ನೋಡುವವರ ಹಾಗೆ.

ಹದಿನಾಲ್ಕು ವರ್ಷದ ಕೆಳಗೆ ಆ ಕಣದಲ್ಲಿ ನಾನು ಹೇಳಬೇಕಿದ್ದ ಅಕ್ಷರ. ಆಗ ಕೇಳಲು ಮೇಷ್ಟ್ರು ಇದ್ದರು.